ಹಿತ್ತಲ ಕೋಳಿಯೂ ಬೀದಿಯ ನಾಯಿಯೂ

ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳಕ್ಕೂ ಮೊದಲು ಜನರನ್ನು ಎಚ್ಚರಿಸುತ್ತಿದ್ದುದು ನನ್ನ ಹಿತ್ತಲ ಹುಂಜ. ಕಳೆದ ಶ್ರಾವಣದ ಒಂದು ಬೆಳಗು ಅದು ಕೂಗಲಿಲ್ಲ. ಬೀದಿನಾಯಿಗಳು ತಡಿಕೆಯ ಬುಡವನ್ನು ಕೆದರಿ ಒಳಹೊಕ್ಕು ಅದನ್ನೂ ಎರಡು ಹೇಂಟೆಗಳನ್ನೂ ಕೊಂದಿದ್ದವು. ಹೇಂಟೆಗಳು ನೆರೆಮನೆಯ ಅಜ್ಜಿಯವು. ತತ್ತಿ ಮಾರಿ ಮೊಮ್ಮಗನ ಪುಸ್ತಕ ಕೊಳ್ಳುತ್ತಿದ್ದ ಆಕೆ ಅವನ್ನು ನನ್ನ ಭರವಸೆಯ ಮೇಲೆ ಬಿಟ್ಟಿದ್ದಳು.

ಸಿಟ್ಟಿನಲ್ಲಿ ನಾಯಿಗಳಿಗೆ ವಿಷವಿಡುವ ಮಾತಾಡಿದೆ. ಅದು ಅಪರಾಧವೆಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. 2023ರ ನಿಯಮಗಳಂತೆ ಬೀದಿನಾಯಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿ, ಲಸಿಕೆ ಹಾಕಿ, ಅದರ ಓಣಿಗೇ ಮರಳಿ ಬಿಡತಕ್ಕದ್ದು. ಆದರೆ ನನ್ನನ್ನು ತಡೆದದ್ದು ಅಜ್ಜಿಯ ಮಾತು: “ತಮ್ಮಾ, ದಿನಾ ಉಳದ ಅನ್ನ ಬೀದಿಗೆ ಚೆಲ್ಲಿ ಅವನ್ನ ಕರದವ್ರು ಯಾರಪಾ?”

ನಾನು ನಿರುತ್ತರನಾದೆ. ಈಗ ಗೂಡಿನ ಸುತ್ತಲೂ ನಮ್ಮೂರ ಕೆಂಪುಕಲ್ಲಿನ ಚಪ್ಪಡಿಗಳನ್ನು ಮೊಳದಾಳ ಹೂಳಿಸಿದ್ದೇನೆ. ಹೊತ್ತು ಮುಳುಗುವ ಮೊದಲೇ ಕದವಿಕ್ಕುತ್ತೇನೆ. ಎಂಜಲು ಬೀದಿಗೆ ಬೀಳುವದಿಲ್ಲ. ಅಜ್ಜಿಗೆ ಎರಡು ಹೊಸ ಹೇಂಟೆಗಳನ್ನು ತಂದುಕೊಟ್ಟಾಗ, ಆಕೆ ಅವನ್ನು ತಿರುಗಿ ನನ್ನ ಗೂಡಿನಲ್ಲಿಯೇ ಬಿಟ್ಟಳು. ತೆತ್ತ ದಂಡಕ್ಕಿಂತ ಆ ನಂಬಿಗೆಯೇ ನನಗೆ ಭಾರವಾಗಿದೆ.