ಬೇಸಿಗೆಯ ಶೀತ, ಕಾಡಿನ ಜ್ವರ

ಏಪ್ರಿಲ್ 4, ಶುಕ್ರವಾರ

ಆಶಾ ಕಾರ್ಯಕರ್ತೆಯಾಗಿ ಇಂದು ಸುತ್ತಿದ ಕೆಳಕೇರಿಯ ಮನೆ ಮನೆಯಲ್ಲೂ ಸೀನು. ಪರೀಕ್ಷೆ ಮುಗಿಸಿ ಬೆಂಗಳೂರಿನಿಂದ ಬಂದ ಮಕ್ಕಳು, ಊರಿನ ಮಕ್ಕಳು ಎಲ್ಲರೂ ಒಂದೇ ಜಗಲಿಯಲ್ಲಿ ಮಲಗುತ್ತಾರೆ, ಒಂದೇ ಟವೆಲ್ಲಿನಲ್ಲಿ ಮುಖ ಒರೆಸುತ್ತಾರೆ. ಒಬ್ಬನಿಗೆ ಬಂದ ಶೀತ ಮೂರು ದಿನದಲ್ಲಿ ಎಲ್ಲರಿಗೂ. ಅಜ್ಜಿಯರು ಐಸ್‌ಕ್ಯಾಂಡಿಯನ್ನು ಬಯ್ಯುತ್ತಿದ್ದಾರೆ. ಶೀತ ತರುವುದು ವೈರಾಣು, ಅದು ಕೈಯಿಂದ, ಸೀನಿನಿಂದ ಹರಡುತ್ತದೆ ಎಂದು ಹೇಳಿ, ಸೋಪು ಹಚ್ಚಿ ಕೈ ತೊಳೆಯುವುದನ್ನು ತೋರಿಸಿಕೊಟ್ಟೆ.

ಇವೆಲ್ಲ ನಿಜವಾದ ಶೀತಗಳೇ. ಮೊದಲು ಗಂಟಲು ಕೆರೆತ, ಮರುದಿನ ಮೂಗಿನಿಂದ ನೀರು, ಆಮೇಲೆ ಮೂಗು ಕಟ್ಟುವುದು. ಮೈ ಬೆಚ್ಚಗಾದರೂ ಮಕ್ಕಳು ಆಟ ಬಿಟ್ಟಿಲ್ಲ. ಸಿಂಬಳ ಹಳದಿಯಾಗಿದೆ, ಆ್ಯಂಟಿಬಯಾಟಿಕ್ ಬೇಕಲ್ವಾ ಎಂದು ಒಬ್ಬ ತಾಯಿ ಕೇಳಿದರು. ಬಣ್ಣ ಬದಲಾದ ಮಾತ್ರಕ್ಕೆ ಬೇಡ. ವಾರ, ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಕೆಮ್ಮು ಎರಡು ವಾರ ದಾಟಿದರೆ ಮಾತ್ರ ಕಫ ಪರೀಕ್ಷೆ ಮಾಡಿಸಲೇಬೇಕು, ಕ್ಷಯ ಅಲ್ಲವೆಂದು ಖಾತ್ರಿಯಾಗಬೇಕು.

ಏಪ್ರಿಲ್ 9, ಬುಧವಾರ

ಸೊಪ್ಪಿನಬೆಟ್ಟದ ಪಕ್ಕದ ಮನೆಗೆ ಬೆಳಿಗ್ಗೆ ಹೋದಾಗ ಅಣ್ಣ ಕಂಬಳಿ ಹೊದ್ದು ಮಲಗಿದ್ದರು. "ಬಿಸ್ಲಲ್ಲಿ ಓಡಾಡಿ ಶೀತ ಆಗಿದೆ ಆಶಕ್ಕ, ಮೆಣಸಿನ ಕಷಾಯ ಕೊಟ್ಟಿದೀನಿ" ಎಂದರು ಅತ್ತಿಗೆ.

ಅವರು ಒಮ್ಮೆಯೂ ಸೀನಲಿಲ್ಲ. ಮೂಗು ಒಣಗಿತ್ತು. ಗಂಟಲು ನೋವೂ ಇಲ್ಲ. ನಿನ್ನೆ ಮುಸ್ಸಂಜೆ ಚಳಿ ಬಂದದ್ದೇ ತಡ, ಒಮ್ಮೆಲೇ ಜ್ವರ ಏರಿತಂತೆ. ಹಣೆ ಸಿಡಿಯುವ ತಲೆನೋವು. ಸೊಂಟ, ತೊಡೆ, ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ. ಕಣ್ಣು ಕೆಂಪು. ಶೀತ ಹೀಗೆ ಗಳಿಗೆ ಹಿಡಿದು ಬರುವುದಿಲ್ಲ, ಅದು ಮೂಗು ಗಂಟಲಿನಿಂದ ಮೆಲ್ಲಗೆ ಶುರುವಾಗುತ್ತದೆ.

"ಕಳೆದ ವಾರ ಬೆಟ್ಟಕ್ಕೆ ಹೋಗಿದ್ರಾ?" ಎಂದೆ. ಹೋಗಿದ್ದರು, ಕೊಟ್ಟಿಗೆಗೆ ತರಗೆಲೆ ತರಲು. "ಮಂಗ ಸತ್ತಿದ್ದು ಕಂಡ್ರಾ?" ಕಾಣಲಿಲ್ಲವಂತೆ, ವಾಸನೆ ಮಾತ್ರ ಬಂದಿತ್ತಂತೆ. ನನಗೆ ಅಷ್ಟು ಸಾಕಾಗಿತ್ತು. ಆಟೋ ತರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ವೈದ್ಯರು ಕೂಡಲೇ ರಕ್ತ ತೆಗೆಸಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸಿದರು.

ನನಗೆ ಅನುಮಾನವಿದ್ದದ್ದು ಮಂಗನ ಕಾಯಿಲೆ. ಅದು ನಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದದ್ದು. ಮಂಗಗಳು ಸಾಯುತ್ತಿದ್ದುದರಿಂದ ಜನ ಮಂಗನ ಕಾಯಿಲೆ ಎಂದರು. ಮನುಷ್ಯರಿಗೆ ದಾಟಿಸುವುದು ಉಣುಗು. ಮಂಗ ಸತ್ತ ಜಾಗದಲ್ಲಿ ಸೋಂಕಿನ ಉಣುಗುಗಳು ನೆಲಕ್ಕೆ ಉದುರಿ ತರಗೆಲೆಯಲ್ಲಿ ಕಾಯುತ್ತವೆ. ಮರಿ ಉಣುಗು ಎಳ್ಳಿನಷ್ಟೂ ಇರುವುದಿಲ್ಲ, ಕಚ್ಚಿದ್ದು ಎಷ್ಟೋ ಜನಕ್ಕೆ ತಿಳಿಯುವುದೇ ಇಲ್ಲ. ಡಿಸೆಂಬರ್‌ನಿಂದ ಮೇವರೆಗೆ ಅವುಗಳ ಕಾಲ. ಬೇಸಿಗೆಯ ಶೀತವೂ ಅದೇ ತಿಂಗಳುಗಳಲ್ಲಿ ಬರುವುದರಿಂದಲೇ ಒಂದನ್ನು ಇನ್ನೊಂದೆಂದು ತಿಳಿದು ಮನೆಯಲ್ಲಿ ದಿನ ಕಳೆಯುತ್ತಾರೆ. ಅದಕ್ಕೇ ಜ್ವರದವರ ಮನೆಯಲ್ಲಿ ಥರ್ಮಾಮೀಟರ್ ಇಡುವ ಮೊದಲು ನಾನು ಕಾಡಿನ ಮಾತು ತೆಗೆಯುತ್ತೇನೆ. ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ, ಹಾಗಾಗಿ ಕೇಳಬೇಕಾದದ್ದು ನಿನ್ನೆಯದನ್ನಲ್ಲ, ಕಳೆದ ವಾರದ್ದನ್ನು.

ಏಪ್ರಿಲ್ 11, ಶುಕ್ರವಾರ

ಸೊಪ್ಪಿನಬೆಟ್ಟದ ಅಣ್ಣನಿಗೆ ಮಂಗನ ಕಾಯಿಲೆಯೇ. ತಾಲ್ಲೂಕು ಆಸ್ಪತ್ರೆಯಲ್ಲಿ ದಾಖಲಾಗಿದ್ದಾರೆ. ಪ್ಲೇಟ್‌ಲೆಟ್ ಇಳಿದಿದೆ, ವಸಡಿನಲ್ಲಿ ಸ್ವಲ್ಪ ರಕ್ತ. ವೈರಾಣುವನ್ನೇ ಕೊಲ್ಲುವ ಔಷಧಿ ಇಲ್ಲ. ಡ್ರಿಪ್ ಹಾಕುತ್ತಾರೆ, ಬಿ.ಪಿ. ನೋಡುತ್ತಾರೆ, ರಕ್ತಸ್ರಾವದ ಮೇಲೆ ಕಣ್ಣಿಡುತ್ತಾರೆ. ಬೇಗ ಬಂದವರಿಗೆ ಆ ಕಾವಲೇ ಚಿಕಿತ್ಸೆ. ನೂರರಲ್ಲಿ ಮೂರರಿಂದ ಐದು ಜನ ಉಳಿಯದ ಕಾಯಿಲೆಯಿದು. ಅರಳಗೋಡಿನಲ್ಲಿ ಇದು ಜೀವ ತೆಗೆದ ಆ ಬೇಸಿಗೆಯನ್ನು ನಮ್ಮ ತಾಲ್ಲೂಕಿನಲ್ಲಿ ಯಾರೂ ಮರೆತಿಲ್ಲ.

ಸಂಜೆ ಹೊತ್ತಿಗೆ ಅಕ್ಕಪಕ್ಕದವರು ಅತ್ತಿಗೆಯ ಮನೆಗೆ ಹಾಲು ಕೊಡುವುದನ್ನೂ ನಿಲ್ಲಿಸಿದ್ದರು. ನನಗೆ ತುಂಬಾ ನೋವಾಯಿತು. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ. ಮನೆ ಮನೆಗೆ ಅಂಟುವ ಶೀತದವರನ್ನು ಮಡಿಲಲ್ಲಿ ಕೂರಿಸಿಕೊಳ್ಳುತ್ತೇವೆ, ಅಂಟದ ಕಾಯಿಲೆಯವರ ಅಂಗಳ ತುಳಿಯುವುದಿಲ್ಲ! ಅತ್ತಿಗೆಯ ಜಗಲಿಯಲ್ಲಿ ಎಲ್ಲರಿಗೂ ಕಾಣುವಂತೆ ಕೂತು, ಅವರ ಮನೆಯ ಕಾಫಿ ಕುಡಿದು, ಕತ್ತಲಾದ ಮೇಲೆ ಬಂದೆ.

ಏಪ್ರಿಲ್ 17, ಗುರುವಾರ

ಅಂಗನವಾಡಿ ಟೀಚರ್‌ಗೆ ತಿಂಗಳಿನಿಂದ "ಶೀತ". ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಕಣ್ಣು ಮೂಗು ತುರಿಕೆ, ತಿಳಿನೀರು. ಜ್ವರ ಇಲ್ಲವೇ ಇಲ್ಲ. ಕಸ ಗುಡಿಸಿದರೆ ಹೆಚ್ಚು. ತಿಂಗಳುಗಟ್ಟಲೆ ತುರಿಸುತ್ತ ಸೀನುವುದು ಅಲರ್ಜಿ. ನೀರು ಚಿಮುಕಿಸಿ ಗುಡಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಡಾಕ್ಟರಿಗೆ ತೋರಿಸಿ ಎಂದೆ.

ಏಪ್ರಿಲ್ 26, ಶನಿವಾರ

ಬೆಂಗಳೂರಿನಿಂದ ಬಂದ ಹುಡುಗನೊಬ್ಬನಿಗೆ ಡೆಂಗಿ. ಇವನಿಗೂ ಮೂಗು ಸೋರುತ್ತಿರಲಿಲ್ಲ. ಕಣ್ಣುಗುಡ್ಡೆಯ ಹಿಂದೆ ನೋವು, ಮೈಮೇಲೆ ಕೆಂಪು ಗಂದೆ. ಕಾಡಿಗೆ ಹೋದವನಲ್ಲ. ನಾಲ್ಕನೇ ದಿನ ಜ್ವರ ಬಿಟ್ಟಿತೆಂದು ಮನೆಯವರು ನೆಮ್ಮದಿಯಾಗಿದ್ದರು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ನಿಲ್ಲದ ವಾಂತಿ, ಮಂಕು ಕವಿದರೆ ತಡಮಾಡುವಂತಿಲ್ಲ. ಹುಡುಗನಿಗೆ ಹೊಟ್ಟೆನೋವು ಶುರುವಾಗಿತ್ತು, ಕೂಡಲೇ ಕಳಿಸಿದೆ. ಮೈಕೈ ನೋವಿಗೆಂದು ಅಂಗಡಿಯಿಂದ ತಂದಿಟ್ಟಿದ್ದ ಐಬುಪ್ರೊಫೇನ್ ಮಾತ್ರೆಯನ್ನು ಬಿಡಿಸಿದೆ. ರಕ್ತಸ್ರಾವ ಹೆಚ್ಚಿಸುವ ಅಂಥ ಮಾತ್ರೆ ಈ ಜ್ವರಗಳಲ್ಲಿ ಬೇಡ, ಪ್ಯಾರಾಸಿಟಮಾಲ್ ಮಾತ್ರ. ನೀರು ಬತ್ತುವ ಕಾಲವೆಂದು ಇಲ್ಲೂ ಎಲ್ಲರ ಹಿತ್ತಿಲಲ್ಲಿ ಡ್ರಮ್ ತುಂಬಿವೆ. ಡೆಂಗಿಯ ಸೊಳ್ಳೆ ಮೊಟ್ಟೆ ಇಡದಂತೆ ಮುಚ್ಚಳ ಇಲ್ಲದ್ದಕ್ಕೆಲ್ಲ ಬಟ್ಟೆ ಕಟ್ಟಿಸಿದೆ.

ಮೇ 2, ಶುಕ್ರವಾರ

ಸೊಪ್ಪಿನಬೆಟ್ಟದ ಅಣ್ಣ ಮನೆಗೆ ಬಂದು ವಾರದ ಮೇಲಾಯಿತು. ಗಂಜಿ ಬಿಟ್ಟು ಊಟ ಮಾಡುತ್ತಿದ್ದಾರೆ, ಸುಸ್ತು ಇನ್ನೂ ಇದೆ. ಈ ಕಾಯಿಲೆಯಲ್ಲಿ ನೂರಕ್ಕೆ ಹತ್ತಿಪ್ಪತ್ತು ಜನರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರಳುತ್ತದೆ, ಆಗ ಅದು ಮಿದುಳಿಗೆ ತಾಗುತ್ತದೆ. ತಲೆನೋವು, ಕೈ ನಡುಕ, ಕಣ್ಣು ಮಂಜು. ಅತ್ತಿಗೆಗೆ ಇದನ್ನು ಹೇಳಿ, ಎರಡು ಸಲ ಅವರ ಬಾಯಲ್ಲೇ ಹೇಳಿಸಿದೆ. ಅಣ್ಣನ ಎರಡೂ ಕೈ ಮುಂದೆ ಚಾಚಿಸಿ ನೋಡಿದೆ, ನಡುಕ ಇಲ್ಲ.

ಪಕ್ಕದ ಮನೆಯವರು ಮತ್ತೆ ಹಾಲು ಕೊಡುತ್ತಿದ್ದಾರೆ. ನಾಳೆ ಮೇಲಿನ ಕೇರಿಗೆ ಉಣುಗು ದೂರವಿಡುವ ಡೆಪಾ ತೈಲದ ಬಾಟಲಿ ಹಂಚಬೇಕು. ಅಲ್ಲಿ ಇಬ್ಬರು ಇನ್ನೂ ತರಗೆಲೆಗೆ ಹೋಗುತ್ತಿದ್ದಾರೆ. ಕಾಡಿಗೆ ಹೊರಡುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಬಾಟಲಿ ಕೊಟ್ಟು ಬರುವುದಲ್ಲ, ಹಚ್ಚಿಸಿಯೇ ಬರಬೇಕು.