ಸಂಬಳದ ಕೆಲಸ, ಸ್ವಂತ ಹೆಸರು

ಹೆಸರು ಸಂಪಾದಿಸುವ ಬಗೆ ನಮ್ಮ ಹಿರಿಯರಿಗೆ ಒಂದೇ ಗೊತ್ತಿತ್ತು. ಕೆಲಸವನ್ನು ಅಚ್ಚುಕಟ್ಟಾಗಿ ಮಾಡು, ಹೆಸರು ತಾನಾಗಿ ಬರುತ್ತದೆ ಎನ್ನುತ್ತಿದ್ದರು. ಇಂದು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳಿಂದ ಬೆಂಗಳೂರಿಗೆ ಹೋಗಿ ದುಡಿಯುವ ಮಕ್ಕಳು ಬೇರೊಂದು ಮಾತನ್ನು ಕೇಳುತ್ತಿದ್ದಾರೆ. ಕೆಲಸ ಮಾಡಿದರೆ ಸಾಲದು, ಮಾಡಿದ್ದನ್ನು ಅಂತರ್ಜಾಲದಲ್ಲಿ ನಾಲ್ವರಿಗೆ ತಿಳಿಸಬೇಕು! 2003ರಲ್ಲಿ ಆರಂಭವಾದ ಲಿಂಕ್ಡ್‌ಇನ್‌ನಂಥ ತಾಣಗಳಲ್ಲಿ ಉದ್ಯೋಗಿಯ ಓದು, ಅನುಭವ, ಸಾಧನೆಗಳೆಲ್ಲ ಎಲ್ಲರ ಕಣ್ಣಿಗೂ ಬೀಳುತ್ತವೆ. ಇದಕ್ಕೆ ‘ಪರ್ಸನಲ್ ಬ್ರ್ಯಾಂಡ್’ ಎಂಬ ಹೆಸರೂ ಬಂದಿದೆ. ತನ್ನನ್ನು ತಾನೇ ಹೊಗಳಿಕೊಳ್ಳುವುದು ಸರಿಯೇ ಎಂದು ತಂದೆತಾಯಿಗಳು ಕೇಳಿದರೆ ಆಶ್ಚರ್ಯವಿಲ್ಲ.

ಆದರೆ ಮಕ್ಕಳ ಕಷ್ಟವನ್ನೂ ನಾವು ಅರಿಯಬೇಕು. ಖಾಸಗಿ ಕಂಪನಿಯ ನೌಕರಿ ಇಂದು ಇದ್ದು ನಾಳೆ ಇಲ್ಲವಾಗಬಹುದು. ಗುರುತಿನ ಚೀಟಿಯನ್ನು ಹಿಂದಿರುಗಿಸಿದ ದಿನ, ‘ಇವಳು ಈ ಕೆಲಸ ಬಲ್ಲಳು’ ಎಂದು ಹೇಳುವವರು ಹೊರಗೂ ಇದ್ದರೆ ಇನ್ನೊಂದು ಬಾಗಿಲು ಬೇಗ ತೆರೆದೀತು. ಮಗಳ ಸಂಬಳದಿಂದ ಸಾಲ ತೀರಿಸುತ್ತಿರುವ ಮನೆಗೆ ಇದು ಅಹಂಕಾರದ ಮಾತಲ್ಲ, ಅನ್ನದ ಪ್ರಶ್ನೆ.

ಸಂಬಳಕ್ಕೆ ದುಡಿಯುತ್ತಲೇ ಸ್ವಂತ ಹೆಸರು ಬೆಳೆಸಿದವರು ನಮ್ಮ ನೆಲದಲ್ಲೇ ಇದ್ದರು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕೆ.ವಿ. ಪುಟ್ಟಪ್ಪನವರು 1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾದರು. ಕಾಲೇಜಿನಲ್ಲಿ ಅವರು ಪುಟ್ಟಪ್ಪ. ಪುಸ್ತಕದ ಮೇಲೆ ಕುವೆಂಪು. 1936ರಲ್ಲಿ ‘ಕಾನೂರು ಹೆಗ್ಗಡತಿ’ ಹೊರಬಂದಾಗ ಅವರು ಉದ್ಯೋಗದಲ್ಲಿದ್ದರು. ಬರೆಹದ ಹೆಸರು ಪಾಠದ ಕೆಲಸಕ್ಕೆ ಅಡ್ಡಬರಲಿಲ್ಲ. 1956ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳೇ ಆದರು.

ಹಾಗಾದರೆ ಎಲ್ಲೆ ಯಾವುದು? ಕಲಿತ ವಿದ್ಯೆ ನಮ್ಮದು. ಆದರೆ ಕಂಪನಿಯ ಗುಟ್ಟು, ಗ್ರಾಹಕರ ವಿವರ, ಕೆಲಸದ ವೇಳೆ ಇವು ನಮ್ಮವಲ್ಲ. ಮೇಜಿನ ಚಿತ್ರವೊಂದನ್ನು ಸಂತೋಷದಿಂದ ಹಾಕಿದಾಗ ಹಿಂದಿನ ಪರದೆಯ ಮೇಲೆ ಬೇರೆಯವರ ಲೆಕ್ಕ ಕಾಣಬಹುದು. ‘ಇವು ನನ್ನ ಸ್ವಂತ ಅಭಿಪ್ರಾಯಗಳು’ ಎಂದು ಬರೆದುಕೊಂಡ ಮಾತ್ರಕ್ಕೆ ನೇಮಕಾತಿ ಪತ್ರದ ಷರತ್ತುಗಳು ಅಳಿಸಿಹೋಗವು. ಸರ್ಕಾರಿ ನೌಕರರಾದರೆ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳನ್ನೂ ಓದಿಕೊಳ್ಳಬೇಕು. ಹೆಸರು ಬೆಳೆಸುವುದು ಬೇರೆ, ಗುಟ್ಟಾಗಿ ಇಬ್ಬರ ಬಳಿ ದುಡಿಯುವುದು ಬೇರೆ. ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದ 300 ನೌಕರರನ್ನು ತೆಗೆದುಹಾಕಿರುವುದಾಗಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ 2022ರ ಸೆಪ್ಟೆಂಬರಿನಲ್ಲಿ ಹೇಳಿದ್ದರು. ಇನ್ನೊಂದು ಸಣ್ಣ ಎಚ್ಚರಿಕೆ: ಇಂಥ ಖಾತೆಯನ್ನು ಸ್ವಂತ ಇ-ಮೇಲ್ ವಿಳಾಸದಿಂದಲೇ ತೆರೆಯಬೇಕು. ಕಂಪನಿಯ ವಿಳಾಸ ನೌಕರಿಯೊಡನೆಯೇ ಹೋಗುತ್ತದೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಜೊತೆಗಾರರ ಪಾಲು. ಸಾಗರದ ಶ್ರೀಗಂಧದ ಕೆತ್ತನೆಯನ್ನು ಜನರು ಗುಡಿಗಾರರ ಕೆಲಸವೆಂದೇ ಗುರುತಿಸುತ್ತಾರೆ. ಒಬ್ಬನ ಉಳಿಯ ಹಿಂದೆ ಕಲಿಸಿದವರ, ಒಡನಾಡಿದವರ ಕೈಗಳಿವೆ. ಕಚೇರಿಯ ಕೆಲಸವೂ ಹಾಗೆಯೇ. ಐವರು ಸೇರಿ ಮುಗಿಸಿದ್ದನ್ನು ‘ನಾನು ಮಾಡಿದೆ’ ಎಂದು ಬರೆದರೆ ಉಳಿದ ನಾಲ್ವರ ಬೆವರನ್ನು ಕದ್ದಂತೆ. ‘ನಾವು’ ಎಂದು ಬರೆದು, ತನ್ನ ಪಾಲೆಷ್ಟೆಂದು ಹೇಳಿದರೆ ಯಾರ ಹೆಸರೂ ಕುಂದದು.

ಯೇಸುಸ್ವಾಮಿ ಪರ್ವತ ಪ್ರಸಂಗದಲ್ಲಿ, ಹಚ್ಚಿದ ದೀಪವನ್ನು ಕೊಳಗದ ಅಡಿಯಲ್ಲಿ ಮುಚ್ಚಿಡಬಾರದೆಂದರು. ಅದೇ ಪ್ರಸಂಗದಲ್ಲಿ, ದಾನ ಮಾಡುವಾಗ ಕಹಳೆ ಊದಿಸಬಾರದೆಂದೂ ಹೇಳಿದರು. ದೀಪ ಇತರರಿಗೆ ದಾರಿ ತೋರಿಸುತ್ತದೆ. ಕಹಳೆ ಊದಿಸಿದವನತ್ತ ಮಾತ್ರ ಕರೆಯುತ್ತದೆ. ನಾವು ಬರೆದದ್ದು ಯಾರಿಗಾದರೂ ಕಲಿಕೆಯಾಗುವುದೇ, ಇಲ್ಲವೇ ನಮ್ಮ ಮೆರವಣಿಗೆಯೇ? ಪ್ರತಿಸಲವೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ವಿಶ್ವಗುರು ಹದಿನಾರನೆಯ ಬೆನೆಡಿಕ್ಟರು 2011ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ, ಅಂತರ್ಜಾಲದಲ್ಲಿ ತನ್ನದೊಂದು ಕೃತಕ ರೂಪವನ್ನು ಕಟ್ಟಿಕೊಳ್ಳುವ ಭ್ರಮೆಗೆ ಒಳಗಾಗಬಾರದೆಂದು ಎಚ್ಚರಿಸಿದ್ದರು.

ಶ್ರಮಿಕರ ಪಾಲಕರೆಂದು 1955ರಿಂದ ಮೇ 1ರಂದು ನಾವು ಸ್ಮರಿಸುವ ಸಂತ ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿಲ್ಲ. ಆದರೂ ಊರಿನವರು ಯೇಸುವನ್ನು ಗುರುತಿಸಿದ್ದು ಬಡಗಿಯ ಮಗನೆಂದೇ. ಅವರ ಕಸುಬೇ ಅವರ ಗುರುತಾಗಿತ್ತು. ಇಂದಿನ ಮಕ್ಕಳು ಮಾತನಾಡದೆ ಇರಲಾರರು, ಇರಬೇಕಾಗಿಯೂ ಇಲ್ಲ. ತಾಣದಲ್ಲಿ ಬರೆದುಕೊಂಡದ್ದನ್ನು ಪಕ್ಕದ ಮೇಜಿನ ಸಹೋದ್ಯೋಗಿ ಓದಿ ‘ಹೌದು, ಇದು ನಿಜ’ ಎನ್ನುವಂತಿರಲಿ. ಆ ಹೆಸರನ್ನು ಯಾವ ಒಡೆಯನೂ ಕಸಿದುಕೊಳ್ಳಲಾರ.