ಮಕ್ತಲದಣ್ಣನ ಸೋಲಾರಿಸ್

ಹೈದರಾಬಾದಿನ ಆ ಕಚೇರಿಯಲ್ಲಿ ಕನ್ನಡ ಆಡುತ್ತಿದ್ದವರು ನಾವು ಮೂವರೇ. ನಾನು ನಾರಾಯಣಪೇಟೆಯವನು, ಇನ್ನೊಬ್ಬ ಗದ್ವಾಲದವನು, ಇಬ್ಬರಿಗೂ ಹಿರಿಯ ಮಕ್ತಲದಣ್ಣ. ಗದ್ವಾಲ 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ಗಡಿ ಬದಲಾದರೂ ಆ ಗೆಳೆಯನ ಅಜ್ಜಿಮನೆಯ ಮಾತು ಬದಲಾಗಿರಲಿಲ್ಲ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ ಹಂಚಿಕೊಂಡು ತಿಂದು ಒಂದು ಹಳೆಯ ಸನ್ ಸ್ಪಾರ್ಕ್‌ಸ್ಟೇಷನ್ 5 ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆವು. 1994ರಲ್ಲಿ ಬಂದ ಮಾದರಿ ಅದು. ಹೊಸ ಸರ್ವರ್‌ಗಳು ಬಂದು ಮೂಲೆಗೆ ಬಿದ್ದಿದ್ದ ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡಿಸಲೇಬೇಕೆಂಬುದು ಅಣ್ಣನ ಹಟ.

ಆ ಯಂತ್ರದ ಆಪರೇಟಿಂಗ್ ಸಿಸ್ಟಮ್ ಸೋಲಾರಿಸ್; ಅದರ ಜತೆಗೆ ಸಿ ಕಂಪೈಲರ್ ಬರುತ್ತಿರಲಿಲ್ಲ. ಮೊದಲು ಜಿಸಿಸಿ, ಗ್ನೂ ಮೇಕ್ ತಂದು ಹಾಕಬೇಕು; ಆಮೇಲೆ ಸೋರ್ಸ್ ಕೋಡ್ ಬಿಚ್ಚಿ ಕಾನ್ಫಿಗರ್ ಓಡಿಸಬೇಕು. ಈ ಲೈಬ್ರರಿ ಇದೆಯೇ, ಈ ಹೆಡರ್ ಫೈಲ್ ಇದೆಯೇ ಎಂದು ಅದು ವಿಚಾರಿಸುತ್ತ ಹೋಗುವಾಗ ಅಣ್ಣ ಪ್ರತಿ ಸಾಲನ್ನೂ ಓದುತ್ತಿದ್ದ. "ಒಂದೂ ಬಿಡಬ್ಯಾಡ, ಓದು. ನಾಳೆ ಎಲ್ಲ್ಯರ ಕೆಟ್ರ ಉತ್ತರ ಇದರಾಗ ಸಿಗ್ತದ."

ಕಂಪೈಲ್ ಮುಗಿದ ಮೇಲೆ ನಿಜವಾದ ಕೆಲಸ. ಆಗಿನ ಸೋಲಾರಿಸ್‌ನಲ್ಲಿ ಒಂದು ಶೇರ್ಡ್ ಮೆಮೊರಿ ತುಂಡಿಗೆ ಮಿತಿ 1 ಎಂಬಿ. ಪೋಸ್ಟ್‌ಗ್ರೆಸ್‌ನ ಒಂದು ಬಫರ್ 8 ಕೆಬಿ; 128 ಬಫರಿಗೇ ಮಿತಿ ತೀರಿತು. ಇಟಿಸಿ ಡೈರೆಕ್ಟರಿಯ ಸಿಸ್ಟಮ್ ಫೈಲಿನಲ್ಲಿ ಶಮ್‌ಮ್ಯಾಕ್ಸ್ ಎಂಬ ಆ ಮಿತಿ ಏರಿಸಿ ಯಂತ್ರವನ್ನೇ ರೀಬೂಟ್ ಮಾಡಬೇಕು. ಹಾಗೆಂದು ಬಫರ್ ಸುರಿದಷ್ಟೂ ವೇಗ ಬರುವುದಿಲ್ಲ. ಅಣ್ಣ ವಿಎಂಸ್ಟ್ಯಾಟ್ ಓಡಿಸಿ ಎಸ್‌ಆರ್ ಕಾಲಮ್ಮಿನ ಮೇಲೆ ಬೆರಳಿಡುತ್ತಿದ್ದ. ಬಿಡಿಸಿಕೊಳ್ಳಬಹುದಾದ ಮೆಮೊರಿ ಪೇಜುಗಳಿಗಾಗಿ ಕರ್ನಲ್ ಎಷ್ಟು ತಡಕಾಡುತ್ತಿದೆ ಎಂಬ ಲೆಕ್ಕ ಅದು. ಆ ಅಂಕಿ ಏರಿಯೇ ನಿಂತರೆ ಬಫರ್ ಇಳಿಸುತ್ತಿದ್ದ, ಮತ್ತೆ ಅದೇ ಕ್ವೆರಿ ಓಡಿಸುತ್ತಿದ್ದ. ಗದ್ವಾಲ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆ ಅಂಚು ಕೂಡಿಸುವಾಗ ಎರಡರ ಬಿಗಿಯೂ ಹೊಂದಬೇಕು, ಡೇಟಾಬೇಸಿಗೂ ಕರ್ನಲ್‌ಗೂ ಹಾಗೇ ಎಂದು ಗೆಳೆಯ ಹೇಳಿದಾಗ ಅಣ್ಣನ ಮುಖ ಅರಳಿತ್ತು.

2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು. ನಮ್ಮ ಸ್ಪಾರ್ಕ್‌ಸ್ಟೇಷನ್ ಗುಜರಿಗೆ ಹೋಯಿತು, ಗೆಳೆಯ ಅಮೆರಿಕ ಸೇರಿದ, ಅಣ್ಣ ನಿವೃತ್ತನಾಗಿ ಮಕ್ತಲಕ್ಕೆ ಮರಳಿದ. 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಗಿ ಮಕ್ತಲ ಅದರೊಳಗೆ ಬಂದಾಗ ಫೋನ್ ಮಾಡಿದ್ದ: "ಇನ್ನ ನಾ ನಿನ್ನ ಜಿಲ್ಲಾದಾಂವ ನೋಡಪಾ!" ಮುಂದೆ ಕೊರೊನಾ ಅವನನ್ನು ಒಯ್ದಿತು.

ಈಗ ನಾನು ನೋಡಿಕೊಳ್ಳುವ ಡೇಟಾಬೇಸ್ ಯಾವ ಡಿಸ್ಕಿನ ಮೇಲಿದೆಯೋ ಗೊತ್ತಿಲ್ಲ. ನಿಧಾನವಾದರೆ ಹೆಚ್ಚು ದುಡ್ಡು ತೆತ್ತು ದೊಡ್ಡ ಯಂತ್ರ ಪಡೆಯುತ್ತೇವೆ. ಏಕೆ ನಿಧಾನ ಎಂದು ಕೇಳುವುದೇ ತಪ್ಪಿಹೋಗಿದೆ. ಕೆಲಸ ಹಗುರವಾಗಿದೆ, ನಿಜ. ಆದರೆ ಪ್ರತಿ ನಿಧಾನಕ್ಕೂ ಕಾರಣ ಇರುತ್ತದೆ, ಕೂತು ಹುಡುಕಿದರೆ ಸಿಗುತ್ತದೆ, ಸಿಕ್ಕಿದ್ದನ್ನು ನಮ್ಮ ಮಾತಿನಲ್ಲೇ ಬಿಡಿಸಿ ಹೇಳಬಹುದು ಎಂಬ ಭರವಸೆ ಅಣ್ಣ ಕೊಟ್ಟದ್ದು.

ಬರ್ಕ್ಲಿಯಲ್ಲಿ 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ನೇತೃತ್ವದಲ್ಲಿ ಶುರುವಾದ ಪೋಸ್ಟ್‌ಗ್ರೆಸ್‌ನ ಸೋರ್ಸ್ ಕೋಡ್ ಇಂದು ಎಲ್ಲರಿಗೂ ತೆರೆದಿದೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಂದ ಒಮ್ಮೆಯಾದರೂ ಅದನ್ನು ಕಂಪೈಲ್ ಮಾಡಿಸುತ್ತೇನೆ. ಜಾಣರು, ಬೇಗ ಕಲಿಯುತ್ತಾರೆ, ತೊಡಕು ಬಂದರೆ ನನ್ನನ್ನು ಕೇಳುತ್ತಾರೆ. ನನಗೇ ತೊಡಕು ಬಂದಾಗ "ಅಣ್ಣಾ, ಇದೇನು ನೋಡು ಬಾ" ಎಂದು ಕರೆಯಲು ಯಾರೂ ಇಲ್ಲ. ಆ ಕೊರತೆ ಇಷ್ಟು ವರ್ಷವಾದರೂ ತುಂಬಿಲ್ಲ.